ಬಿನ್ನವತ್ತಳೆಗೆ ದರ

ಅತ್ತಿಗುಪ್ಪೆ, ಬೆಂಗಳೂರು
18 ಆಗಸ್ಟ್ 2024

ಪ್ರೀತಿಯ ರಾಜಿ,

ಹೋದ ವಾರ ನೀನು ಫೋನಿನಲ್ಲಿ ಕೇಳಿದಾಗ "ಎಲ್ಲ ಸರಿಯಾಗಿದೆ" ಎಂದೆ. ಫೋನಿನಲ್ಲಿ ನನಗೆ ಬೇರೇನೂ ಹೇಳಲು ಬರುವುದಿಲ್ಲ. ಧಾರವಾಡದ ಹಾಸ್ಟೆಲಿನಲ್ಲೂ ಹಾಗೆಯೇ ಇದ್ದೆನಲ್ಲ? ಕಾರಿಡಾರಿನ ಫೋನಿನಲ್ಲಿ ಅಪ್ಪನಿಗೆ ಬರೀ "ಹೂಂ, ಹೂಂ" ಎಂದು, ರೂಮಿಗೆ ಬಂದು ಪುಟಗಟ್ಟಲೆ ಬರೆಯುತ್ತಿದ್ದೆ. ನೀನು ನಗುತ್ತಿದ್ದೆ. ಆದ್ದರಿಂದ ಈ ಕಾಗದ.

ಕಾಲೇಜಿನಲ್ಲಿ ಈ ಸೆಮಿಸ್ಟರಿಗೆ ನನಗೆ ಪಾಠಗಳಿಲ್ಲ. ಕನ್ನಡದ ತರಗತಿಗಳು ಕಡಿಮೆಯಾಗಿವೆ, ಉಳಿದವು ಕಾಯಂ ಆದವರಿಗೇ ಸಾಲವು. ಪ್ರಿನ್ಸಿಪಾಲರು ಬಹಳ ಮರ್ಯಾದೆಯಿಂದ "ಮುಂದಿನ ವರ್ಷ ನೋಡೋಣ ಮೇಡಂ" ಎಂದರು. ಇಷ್ಟು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದವಳಿಗೆ ಎದ್ದು ಹೋಗುವುದೂ ಒಂದು ಮರ್ಯಾದೆಯೇ ಇರಬೇಕು.

ವಿಷಯ ತಿಳಿದ ದಿನವೇ ಮಧ್ವೇಶಣ್ಣ ಕೆಂಗೇರಿಯಿಂದ ಬಂದ. ಪ್ರೀತಿಯನ್ನೂ ನೋಟೀಸು ಜಾರಿ ಮಾಡಿದಂತೆ ಹೇಳುವವನು ಅವನು. "ಒಬ್ಳೇ ಯಾಕೆ ಇಲ್ಲಿ ಬಾಡಿಗೆ ಕಟ್ಕೊಂಡಿರ್ತೀಯ? ನಮ್ಮ ಮಹಡಿ ಮನೆ ಖಾಲಿ ಇದೆ. ಊಟ ಹೆಂಗೂ ಕೆಳಗೇನೇ. ಸಾಮಾನು ಕಟ್ಟು" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಪ್ರಭಾ ಅತ್ತಿಗೆ ಒಳ್ಳೆಯವರು. ಆದರೆ ಅಲ್ಲಿಗೆ ಹೋದ ದಿನದಿಂದ ನಾನು ಒಬ್ಬರ ತಂಗಿ ಮಾತ್ರ ಆಗುತ್ತೇನೆ ರಾಜಿ. ಬೆಳಗ್ಗೆ ಎದ್ದು ಒಂದು ಕವಿತೆ ಓದಿ ಅರ್ಧ ಗಂಟೆ ಸುಮ್ಮನೆ ಕೂತರೆ "ಯಾಕೆ, ಹುಷಾರಿಲ್ವಾ?" ಎಂದು ಕೇಳುವವರಿರುತ್ತಾರೆ.

ಈ ಮನೆಯ ಕರಾರು ಬರುವ ವರ್ಷದ ಜೂನ್ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ನನ್ನ ಬಾಡಿಗೆಯನ್ನು ನಾನೇ ದುಡಿಯುವಂತಾದರೆ ಇಲ್ಲೇ, ಇಲ್ಲದಿದ್ದರೆ ಕೆಂಗೇರಿ ಎಂದು ಅವನಿಗೆ ಮಾತು ಕೊಟ್ಟಿದ್ದೇನೆ.

ಗದಗಿನ ಆ ತರಬೇತಿ ಕೇಂದ್ರದಲ್ಲಿ ನೀನು ವರ್ಷವಿಡೀ ಜನರಿಗೆ ಸ್ವಂತ ಉದ್ಯೋಗ ಕಲಿಸುತ್ತೀಯ. ನನಗೆ ಅಂಚೆಯಲ್ಲಿ ಕಲಿಸುತ್ತೀಯಾ?

ನಿನ್ನ
ಮಾಲವಿಕಾ


ಗದಗ
27 ಆಗಸ್ಟ್ 2024

ಮಾಲು,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಖುಷಿಯಾಯಿತು. ಕೊನೆಗೂ ನೀನು ನನ್ನ ಕ್ಲಾಸಿಗೆ ಬಂದೆ!

ಪ್ರತಿ ತಂಡದ ಮೊದಲ ದಿನ ನಾನೊಂದು ಭಾಷಣ ಮಾಡುತ್ತೇನೆ. ದೇಶದ ಆರ್ಥಿಕತೆ ಬೆಳೆಯುವುದು ದೊಡ್ಡ ಕಾರ್ಖಾನೆಗಳಿಂದ ಮಾತ್ರ ಅಲ್ಲ, ಕೆಲಸ ಕೊಡಿ ಎಂದು ಕೇಳುವ ಒಬ್ಬರು ಕೆಲಸ ಕೊಡುವವರಾದರೆ ಅಲ್ಲೊಂದು ಬೆಳವಣಿಗೆ ಆಯಿತು ಎಂದು. ಮುಂದಿನ ಸಾಲಿನವರು ಬರೆದುಕೊಳ್ಳುತ್ತಾರೆ. ಹಿಂದಿನ ಸಾಲಿನಿಂದ ಯಾರಾದರೂ "ಊಟ ಎಷ್ಟೊತ್ತಿಗ್ರಿ ಮೇಡಂ?" ಅನ್ನುತ್ತಾರೆ. ನೀನು ಹಿಂದಿನ ಸಾಲಿನವಳು, ನನಗೆ ಗೊತ್ತು.

ಮೊದಲ ಪಾಠ. ನಿನಗೆ ಈಗಾಗಲೇ ಏನು ಬರುತ್ತದೆ ನೋಡು. ಹೊಸದು ಕಲಿಯಲು ಟೈಮಿಲ್ಲ. ಹಾಸ್ಟೆಲಿಗೆ ನೀನು ತರುತ್ತಿದ್ದ ಚಟ್ನಿಪುಡಿಗೆ ಹುಡುಗಿಯರು ಹೇಗೆ ಮುತ್ತುತ್ತಿದ್ದರು ನೆನಪಿದೆಯಾ? ನಮ್ಮ ಕೇಂದ್ರದ ಪಟ್ಟಿಯಲ್ಲೂ ಹೆಂಗಸರಿಗೆ ಮೊದಲು ಬರೆದಿರುವುದು ಚಟ್ನಿಪುಡಿ, ಉಪ್ಪಿನಕಾಯಿ, ಹೊಲಿಗೆ. ದೀಪಾವಳಿಗೆ ಶುರು ಮಾಡು. ಬೇರೆ ಬೇರೆ ಅಳತೆಯ ಪೊಟ್ಟಣ ಕಟ್ಟು, ಹೆಸರಿನ ಚೀಟಿ ಅಂಟಿಸು. ಏನಾಯಿತು ಎಂದು ಬರಿ.

ರಾಜಿ


ಅತ್ತಿಗುಪ್ಪೆ
3 ನವೆಂಬರ್ 2024

ಪ್ರೀತಿಯ ರಾಜಿ,

ಹಬ್ಬ ಮುಗಿಯಿತು. ಬೀದಿಯ ತುಂಬ ಇನ್ನೂ ಪಟಾಕಿಯ ಕಾಗದ.

ನೀನು ಹೇಳಿದಂತೆ ಪುಡಿ ಮಾಡಿದೆ. ಬೇಳೆಗಳನ್ನು ಸಣ್ಣ ಉರಿಯಲ್ಲಿ ಹುರಿಯುವಾಗ ಮನಸ್ಸು ಬಹಳ ಶಾಂತವಾಗಿತ್ತು. ಆ ವಾಸನೆಗೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದರು. ಎಲ್ಲ ಪೊಟ್ಟಣಗಳೂ ಹೋದವು, ಒಂದೂ ಉಳಿಯಲಿಲ್ಲ. ಎದುರುಮನೆಯ ಜ್ಯೋತಿಲಕ್ಷ್ಮಿ ಎರಡು ಸಲ ಬಂದು ಒಯ್ದರು. ಪ್ರಭಾ ಅತ್ತಿಗೆಯ ತಂಗಿಯರಿಗೆ, ಅಣ್ಣನ ಗೆಳೆಯ ನಾಣಿಯವರಿಗೆ, ಕಾಲೇಜಿನ ಹಳೆಯ ಸಹೋದ್ಯೋಗಿಗಳಿಗೆ, ಎಲ್ಲರಿಗೂ ಮೆಚ್ಚುಗೆಯಾಯಿತು. "ನಿಮ್ಮ ಕೈಗುಣಾನೇ ಬೇರೆ ಮೇಡಂ" ಎಂದರು.

ಇದಕ್ಕಿಂತ ಹೆಚ್ಚು ಸದ್ಯಕ್ಕೆ ಬರೆಯಲಾರೆ. ಸ್ವಲ್ಪ ದಣಿದಿದ್ದೇನೆ.

ನಿನ್ನ
ಮಾಲವಿಕಾ


ಗದಗ
15 ನವೆಂಬರ್ 2024

ಮಾಲು! ಮೊದಲ ಸಲಕ್ಕೇ ಎಲ್ಲ ಮಾರಾಟ! ನಿನ್ನೆ ಕ್ಲಾಸಿನಲ್ಲಿ ಹೆಸರು ಹೇಳದೆ ನಿನ್ನ ಉದಾಹರಣೆ ಕೊಟ್ಟೆ. "ಬೆಂಗಳೂರಾಗ ನಮ್ಮ ಗೆಳತಿ ಒಬ್ಬಾಕಿ, ಕನ್ನಡ ಎಂ.ಎ., ಒಂದು ಹಬ್ಬಕ್ಕ ಮಾಡಿದ ಪುಡಿ ಎಲ್ಲಾ ಮಾರಿದಳು ನೋಡ್ರಿ" ಅಂದೆ. ಚಪ್ಪಾಳೆ ತಟ್ಟಿದರು.

ಈಗ ನಿಲ್ಲಿಸಬೇಡ. ಸಂಕ್ರಾಂತಿಗೆ ದುಪ್ಪಟ್ಟು ಮಾಡು. ದೊಡ್ಡ ಮಿಕ್ಸಿ ತಗೋ. ಜ್ಯೋತಿಲಕ್ಷ್ಮಿ ಎರಡು ಸಲ ಬಂದರು ಎಂದರೆ ಅವರೇ ನಿನ್ನ ಕಾಯಂ ಗಿರಾಕಿ, ಅವರ ಮನೆಗೆ ತಿಂಗಳಿಗೊಮ್ಮೆ ಕೊಡುವ ವ್ಯವಸ್ಥೆ ಮಾಡಿಕೋ.

ಸಂಕ್ರಾಂತಿಯ ವಿವರಕ್ಕೆ ಕಾಯುತ್ತೇನೆ.

ರಾಜಿ


ಅತ್ತಿಗುಪ್ಪೆ
12 ಜನವರಿ 2025

ಪ್ರೀತಿಯ ರಾಜಿ,

ನಿನ್ನ ಆ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದದ್ದು ನಿನ್ನ ಚಪ್ಪಾಳೆಗೆ ಹೆದರಿ.

ಪುಡಿ ಹೋಯಿತು ಎಂದೆ, ಮಾರಾಟವಾಯಿತು ಎನ್ನಲಿಲ್ಲ. ಒಂದು ಪೊಟ್ಟಣವನ್ನೂ ನಾನು ಮಾರಲಿಲ್ಲ. ಜ್ಯೋತಿಲಕ್ಷ್ಮಿ ಪರ್ಸು ತೆಗೆದರು. "ಅಯ್ಯೋ, ಹಬ್ಬದ ದಿನ ದುಡ್ಡೇನು, ಇಟ್ಕೊಳ್ಳಿ" ಎಂದು ನಾನೇ ಅವರ ಕೈ ಹಿಡಿದು ಮಡಿಸಿದೆ. ಎರಡನೇ ಸಲ ಅವರು ಪರ್ಸು ತರಲೇ ಇಲ್ಲ. ಅತ್ತಿಗೆಯ ತಂಗಿಯರ ಹತ್ತಿರ ಕೇಳುವುದು ಹೇಗೆ? ನಾಣಿಯವರಂತೂ "ಇದಕ್ಕೆ ಎಷ್ಟಮ್ಮಾ?" ಎಂದು ನೇರವಾಗಿಯೇ ಕೇಳಿದರು. ನಾನು ಪೊಟ್ಟಣದ ಚೀಟಿ ಸರಿಮಾಡತೊಡಗಿದೆ. ಅಣ್ಣ ನಡುವೆ ಬಾಯಿ ಹಾಕಿ "ಏಯ್, ನಮ್ಮ ಮಾಲು ಕೈಲಿ ದುಡ್ಡು ಕೇಳಿಸ್ತೀಯೇನೋ?" ಎಂದು ಅವರಿಗೆ ಬೈದ. ನನಗೆ ಬಿಡುಗಡೆಯಾದಂತೆ ಅನ್ನಿಸಿತು ನೋಡು, ಅದೇ ಬೇಸರ. ಸಂಕ್ರಾಂತಿಗೆ ಎಳ್ಳು ಬೆಲ್ಲ ಮಾತ್ರ ಮಾಡಿದ್ದೇನೆ. ಅದನ್ನು ಹೇಗೂ ಹಂಚಬೇಕು.

ಈ ನಡುವೆ ಬಿಡುವೂ ಇಲ್ಲ. ಜ್ಯೋತಿಲಕ್ಷ್ಮಿಯವರ ಕಚೇರಿಯಲ್ಲಿ ಒಬ್ಬರು ನಿವೃತ್ತರಾದರು, ಬಿನ್ನವತ್ತಳೆ ನಾನೇ ಬರೆದೆ. ಕನ್ನಡ ಎಂ.ಎ. ಮಾಡಿದವರಿಗೆ ಇದೊಂದು ಬಿಟ್ಟಿ ಚಾಕರಿ. ಯಾರೋ ನಿವೃತ್ತಿಯಾಗುತ್ತಾರೆ, ಯಾರಿಗೋ ವರ್ಗವಾಗುತ್ತದೆ, "ಮೇಡಂ, ಎರಡು ಸಾಲು ಚೆನ್ನಾಗಿ ಬರ್ದುಕೊಡಿ" ಎಂದು ಬರುತ್ತಾರೆ. ಅದನ್ನು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ, ಗಾಜಿನ ಕಟ್ಟು ಹಾಕಿಸಿ, ಸಭೆಯಲ್ಲಿ ಓದಿ ಕೈಗೆ ಕೊಡುತ್ತಾರೆ. ನನ್ನನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೆ. ಬೀರು ತೆಗೆದರೆ ಶಾಲುಗಳು ಮೈಮೇಲೆ ಬೀಳುತ್ತವೆ. ಬೆಂಗಳೂರಿನ ಚಳಿಗೆ ಒಂದು ಸಾಕು.

ಅಣ್ಣ ಮಹಡಿ ಮನೆಗೆ ಸುಣ್ಣ ಬಳಿಸಿದ್ದಾನಂತೆ. ತಿಳಿ ಹಸಿರು, ನನಗಿಷ್ಟ ಎಂದು.

ನಿನ್ನ
ಮಾಲವಿಕಾ


ಗದಗ
20 ಜನವರಿ 2025

ಮಾಲು,

ಅಬ್ಬಾ, ನಿಜ ಬರೆದೆಯಲ್ಲ. ನನಗೆ ಮೊದಲೇ ಅನುಮಾನ ಬರಬೇಕಿತ್ತು. ನೀನು ಹುರಿಯುವ ವಾಸನೆ ಬರೆದೆ, ಬೆಲೆ ಬರೆಯಲಿಲ್ಲ. ನಾನು ಓದಿದ್ದು ನನಗೆ ಬೇಕಾದ್ದನ್ನು.

ಚಟ್ನಿಪುಡಿ ಬಿಟ್ಟುಬಿಡು. ತಪ್ಪು ನನ್ನದು, ಪಟ್ಟಿ ನೋಡಿ ಹೇಳಿದೆ. ಪಟ್ಟಿ ಮಾಡಿದವರಿಗೆ ಹೆಂಗಸು ಎಂದರೆ ಒಲೆ ಮತ್ತು ಸೂಜಿ.

ಎರಡನೇ ಪಾಠ, ಇದು ಯಾವ ಪಟ್ಟಿಯಲ್ಲೂ ಇಲ್ಲ, ನಾನೇ ಯೋಚಿಸಿದ್ದು: ಜನ ನಿನ್ನನ್ನು ಹುಡುಕಿಕೊಂಡು ಬಂದು ಬಿಟ್ಟಿಯಾಗಿ ಏನನ್ನು ಮಾಡಿಸಿಕೊಳ್ಳುತ್ತಾರೋ ಅದೇ ನಿನ್ನ ಮಾರುಕಟ್ಟೆ. ಅಚ್ಚು ಹಾಕಿದವನಿಗೆ ಕೊಡುತ್ತಾರೆ, ಕಟ್ಟು ಹಾಕಿದವನಿಗೆ ಕೊಡುತ್ತಾರೆ, ಮೈಕಿನವನಿಗೆ, ಹೂವಿನವಳಿಗೆ ಕೊಡುತ್ತಾರೆ. ಬರೆದವಳಿಗೆ ಮಾತ್ರ ಶಾಲು. ಯಾಕೆ? ವಿದ್ಯೆಗೆ ದುಡ್ಡು ಕೊಟ್ಟರೆ ನಿನಗೆ ಅವಮಾನ ಎಂದು ಅವರು ಅಂದುಕೊಂಡಿದ್ದಾರೆ. ನೀನೂ ಹಾಗೆಯೇ ಅಂದುಕೊಂಡಿದ್ದೀಯ.

ನಾಳೆಯೇ ಅಚ್ಚು ಹಾಕುವವರ ಹತ್ತಿರ ಹೋಗು. ಯಾರೇ ಕೇಳಿದರೂ ಮೊದಲ ಸಾಲು ಬರೆಯುವ ಮೊದಲು ದರ ಹೇಳು.

ಈಗ ಸ್ವಲ್ಪ ದಿನ ರಜೆಯಲ್ಲಿದ್ದೇನೆ. ಮನೆಯ ವಿಳಾಸಕ್ಕೇ ಬರಿ.

ರಾಜಿ


ಅತ್ತಿಗುಪ್ಪೆ
2 ಮಾರ್ಚ್ 2025

ಪ್ರೀತಿಯ ರಾಜಿ,

ನೀನು ರಜೆ ಹಾಕಿದ್ದನ್ನು ನಾನು ಕಂಡದ್ದೇ ಇಲ್ಲ. ಎಲ್ಲಿಗಾದರೂ ಹೋಗಿದ್ದೆಯಾ?

ರಾಜಾಜಿನಗರದಲ್ಲಿ ಶಶಿಕುಮಾರ್ ಎಂಬವರ ಡಿಟಿಪಿ ಅಂಗಡಿಯಿದೆ, ಸುತ್ತಲಿನ ಕಚೇರಿಗಳ ಬಿನ್ನವತ್ತಳೆಗಳೆಲ್ಲ ಅಚ್ಚಾಗುವುದು ಅಲ್ಲೇ. ನಾನು ಬಂದ ವಿಷಯ ಕೇಳಿ ಅವರು ಕಂಪ್ಯೂಟರ್ ತೆರೆದು ತೋರಿಸಿದರು. ಒಂದೇ ಬಿನ್ನವತ್ತಳೆ! ಹೆಸರು, ಹುದ್ದೆ, ಊರು ಇರುವಲ್ಲಿ ಚುಕ್ಕಿಗಳು. "ಎಲ್ರಿಗೂ ಇದೇ ಮೇಡಂ. ಅಜಾತಶತ್ರು, ಸರಳ ಸಜ್ಜನ, ನಗುಮೊಗದ ಒಡೆಯ. ಯಾರೂ ಕಂಪ್ಲೇಂಟ್ ಮಾಡಿಲ್ಲ. ಯಾರೂ ಓದೂ ಇಲ್ಲ" ಎಂದರು.

ನನಗೆ ಯಾಕೋ ಹಟ ಬಂತು. ಅದೇ ಹೊತ್ತಿಗೆ ಒಂದು ಕಚೇರಿಯವರು ಗುರುಬಸಪ್ಪ ಎಂಬ ಎಂಜಿನಿಯರರಿಗೆ ಬರೆಸಲು ಬಂದಿದ್ದರು. ಚುಕ್ಕಿ ತುಂಬುವ ಬದಲು ಅವರ ಕಚೇರಿಗೇ ಹೋಗಿ ಒಂದು ಮಧ್ಯಾಹ್ನ ಕೂತೆ. ಯಾರನ್ನು ಕೇಳಿದರೂ ಅಕ್ಕಪಕ್ಕ ನೋಡಿ, "ಕೋಪ ಜಾಸ್ತಿ ಮೇಡಂ" ಎನ್ನುತ್ತಿದ್ದರು. "ರಜಾ ಚೀಟಿ ಕೊಟ್ರೆ ಮುಖದ ಮೇಲೇ ಹರಿದು ಹಾಕ್ತಾರೆ." "ಆಮೇಲೆ?" "ಆಮೇಲೆ ಸಂಜೆ ಕರೆದು, ಹೋಗಯ್ಯಾ, ನಿನ್ನ ಮಗಳ ಜ್ವರ ಹೆಂಗಿದೆ ಅಂತ ಫೋನ್ ಮಾಡು ಅಂತಾರೆ." ಅಷ್ಟನ್ನೇ ಬರೆದೆ. "ತಮ್ಮ ಕೋಪಕ್ಕೆ ನಾವು ಹೆದರಿದ್ದು ನಿಜ. ಆ ಕೋಪ ಸಂಜೆಯವರೆಗೆ ಬಾಳಿದ್ದನ್ನು ನಾವು ಕಂಡಿಲ್ಲ" ಎಂದು.

ಶುಕ್ರವಾರ ಸಭೆ. ಓದುತ್ತಿದ್ದ ಹುಡುಗ ಆ ಸಾಲಿಗೆ ಬಂದವನೇ ನಿಂತುಬಿಟ್ಟ. ನನಗೆ ಕುರ್ಚಿಯ ಕೆಳಗೆ ಹೋಗಿಬಿಡೋಣ ಅನ್ನಿಸಿತು. ಗುರುಬಸಪ್ಪನವರು ತಿರುಗಿ "ಯಾಕ್ರೀ ನಿಲ್ಸಿದ್ರಿ? ಓದ್ರೀ!" ಎಂದು ಗದರಿದರು. ಓದಿದ. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಸೆರಗು ಬಾಯಿಗೊತ್ತಿ ನಕ್ಕಿದ್ದು ಮೈಕಿಗೂ ಕೇಳಿಸಿತು. "ಇಷ್ಟು ಹೊತ್ತಿನ ಭಾಷಣದಲ್ಲಿ ಇದೊಂದೇ ನೋಡಿ ನಮ್ಮ ಮನೆಯವರ ಬಗ್ಗೆ ಹೇಳಿದ್ದು" ಎಂದರು. ಗುರುಬಸಪ್ಪನವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಅಲ್ಲಿದ್ದ ಬೇರೆ ಕಚೇರಿಯವರು ಅವತ್ತೇ ನನ್ನ ನಂಬರ್ ಬರೆದುಕೊಂಡರು.

ನೀನು ಕೇಳುವ ಮೊದಲೇ ಹೇಳುತ್ತೇನೆ. ದರ ಹೇಳಲಾಗಲಿಲ್ಲ. ಮತ್ತೊಂದು ಶಾಲು ಬಂದಿದೆ, ಗಿಳಿ ಹಸಿರು.

ನಿನ್ನ
ಮಾಲವಿಕಾ


ಗದಗ
10 ಮಾರ್ಚ್ 2025

ಮಾಲು,

ಗುರುಬಸಪ್ಪನವರ ಕಥೆ ಓದಿ ಜೋರಾಗಿ ನಕ್ಕೆ. ಎಷ್ಟೋ ದಿನದ ಮೇಲೆ.

ಕೊನೆಯ ಸಾಲು ಓದಿ ನಗು ನಿಂತಿತು. ಜೂನ್ ಕೊನೆಗೆ ಮನೆಯ ಯಜಮಾನರಿಗೆ ಗಿಳಿ ಹಸಿರು ಶಾಲು ಹೊದಿಸು. ಬಾಡಿಗೆ ಬೇಡ ಎಂದರೂ ಅನ್ನಬಹುದು.

ರಾಜಿ


ಅತ್ತಿಗುಪ್ಪೆ
20 ಏಪ್ರಿಲ್ 2025

ಪ್ರೀತಿಯ ರಾಜಿ,

ನಿನ್ನ ನಾಲ್ಕು ಸಾಲಿನ ಪತ್ರ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಅಷ್ಟು ಸಿಟ್ಟು ಬಂದಿತ್ತೇ? ಹೋಗಲಿ, ಅದರಿಂದ ಒಳ್ಳೆಯದೇ ಆಯಿತು.

ಬಸವೇಶ್ವರನಗರದ ಒಂದು ಹೈಸ್ಕೂಲಿನಿಂದ ಅನಿಕೇತ್ ಎಂಬ ಮೇಷ್ಟ್ರು ಫೋನ್ ಮಾಡಿದರು. "ಮೇಡಂ, ನಮ್ಮ ಎಚ್ಚೆಮ್ ರಿಟೈರ್ ಆಗ್ತಿದಾರೆ. ಆ ಕೋಪದ ಸಾರ್‌ಗೆ ಬರ್ದಿದ್ರಲ್ಲ, ಹಂಗೇ ಬೇಕು." ನಾನು ಬಾಲ್ಕನಿಗೆ ಬಂದೆ. ಎದುರಿನ ಮೆಟ್ರೋ ಸ್ಟೇಷನ್ನಿಗೆ ರೈಲು ಬಂದು ನಿಂತಿತ್ತು. ಅದರ ಸದ್ದಿನಲ್ಲಿ ಮುಚ್ಚಿಹೋಗಲಿ ಎಂಬಂತೆ, ಒಂದೇ ಉಸಿರಿನಲ್ಲಿ, "ಬರೀತೀನಿ, ನನ್ನ ದರ ಇಷ್ಟು, ಅರ್ಧ ಮುಂಗಡ" ಎಂದುಬಿಟ್ಟೆ.

ಆ ಕಡೆ ಮೌನ.

ರಾಜಿ, ಆ ಮೌನದಲ್ಲಿ ನನಗೆ ನನ್ನ ಅಪ್ಪ, ಅಮ್ಮ, ನಮ್ಮ ಎಂ.ಎ. ಮೇಷ್ಟರು ಎಲ್ಲರೂ ಕಂಡರು. "ಪರವಾಗಿಲ್ಲ, ಬಿಡಿ, ಹಾಗೇ ಬರೆದುಕೊಡ್ತೀನಿ" ಎಂಬ ಮಾತು ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಆತ "ಸಾರಿ ಮೇಡಂ, ಇಲ್ಲೊಬ್ಬ ಹುಡುಗ ಕಾಂಪೌಂಡ್ ಹತ್ತಿದ್ದ, ಕೈಸನ್ನೆ ಮಾಡಿ ಇಳಿಸ್ತಿದ್ದೆ. ಏನಂದ್ರಿ?" ಎಂದರು.

ಮತ್ತೆ ಹೇಳಬೇಕಾಯಿತು. ಎರಡನೇ ಸಲ ಅದು ಬರೀ ಒಂದು ವಾಕ್ಯವಾಗಿತ್ತು. "ಸರಿ ಮೇಡಂ. ಈಗ್ಲೇ ಕಳಿಸ್ತೀನಿ, ನಂಬರ್ ಇದೇ ತಾನೇ?" ಎಂದರು. ಅಷ್ಟೇ! ಭೂಮಿ ಬಾಯಿ ಬಿಡಲಿಲ್ಲ. ಒಳಗೆ ಬಂದು ಒಂದು ಲೋಟ ನೀರು ಕುಡಿದು, ಕೂತುಕೊಂಡು, ಕಾರಣವಿಲ್ಲದೆ ನಕ್ಕೆ.

ಆಮೇಲೆ ಹತ್ತು ಹನ್ನೆರಡು ಬಂದಿವೆ. ಮೇ, ಜೂನ್ ಬಂದರೆ ಇನ್ನೂ ಹೆಚ್ಚು ಎನ್ನುತ್ತಾರೆ ಶಶಿಕುಮಾರ್. ಹಿಂದೆ ಶಾಲೆಗೆ ಸೇರಿಸುವಾಗ ವಯಸ್ಸು ಹೊಂದಲೆಂದು ಮೇಷ್ಟರುಗಳು ಮಕ್ಕಳ ಹುಟ್ಟಿದ ದಿನವನ್ನು ಜೂನಿನ ಆಸುಪಾಸು ಹಾಕಿಬಿಡುತ್ತಿದ್ದರಂತೆ. ಒಂದು ತಲೆಮಾರೇ ಒಟ್ಟಿಗೆ ಹುಟ್ಟಿ ಈಗ ಒಟ್ಟಿಗೆ ನಿವೃತ್ತಿಯಾಗುತ್ತಿದೆ. ಕೆಲಸ ಹೆಚ್ಚಾಯಿತೆಂದು ಶಶಿಕುಮಾರ್ ಸ್ಪಂದನ ಎಂಬ ಹುಡುಗಿಯನ್ನು ಟೈಪಿಂಗಿಗೆ ಇಟ್ಟುಕೊಂಡರು. ಬಿನ್ನಿಪೇಟೆಯ ಕಟ್ಟಿನ ಅಂಗಡಿಯವರು ಗಾಜು ಹೆಚ್ಚಿಗೆ ತರಿಸಿದ್ದಾರೆ. ನಿನ್ನ ಮೊದಲ ದಿನದ ಭಾಷಣವನ್ನು ಈಗ ಮುಂದಿನ ಸಾಲಿನಲ್ಲಿ ಕೂತು ಕೇಳಬಲ್ಲೆ. ದೇಶದ ಬೆಳವಣಿಗೆ ನನಗೆ ಕಾಣುವುದಿಲ್ಲ. ಸ್ಪಂದನ ಮೊದಲ ಸಂಬಳದಲ್ಲಿ ಕೊಂಡ ಚಪ್ಪಲಿ ಕಾಣುತ್ತದೆ.

ನಿನ್ನ ರಜೆ ಮುಗಿಯಿತಾ? ನನ್ನ ಮೇಲೆ ಬೇಸರವಿದ್ದರೆ ಉದ್ದಕ್ಕೆ ಬೈದು ಬರಿ.

ನಿನ್ನ
ಮಾಲವಿಕಾ


ಅತ್ತಿಗುಪ್ಪೆ
18 ಮೇ 2025

ರಾಜಿ,

ಹಿಂದಿನ ಪತ್ರಕ್ಕೆ ಉತ್ತರ ಬರಲಿಲ್ಲ. ಬೇಸರವೆಂದುಕೊಂಡು ನಾನೂ ಸುಮ್ಮನಿದ್ದೆ. ಈಗ ಸುಮ್ಮನಿರಲಾರೆ.

ನಿನ್ನೆ ಒಂದು ಫೋನ್ ಬಂತು. ಮೇ ಮೂವತ್ತೊಂದಕ್ಕೆ ಬಿನ್ನವತ್ತಳೆ ಬೇಕು ಎಂದರು. ದರ ಹೇಳಿದೆ, ಒಪ್ಪಿದರು. ಯಾರಿಗೆ ಎಂದು ಕೇಳಿ ಪೆನ್ನು ತೆಗೆದೆ. "ನಾನು ಗಿರಿರಾಜ್ ಅಂತ್ರಿ, ಗದಗಿನ ತರಬೇತಿ ಕೇಂದ್ರದಿಂದ. ನಮ್ಮ ಬಸವರಾಜೇಶ್ವರಿ ಮೇಡಂ ಬಿಟ್ಟು ಹೊಂಟಾರ್ರಿ. ನೀವು ಖರೇ ಖರೇ ಬರೀತೀರಂತ ಅವ್ರೇ ರಜಾ ಮುಗಿಸಿ ಬಂದಾಗ ಒಮ್ಮೆ ಕ್ಲಾಸಿನಾಗ ನಿಮ್ಮ ಹೆಸರು ತಗೊಂಡು ಹೇಳಿದ್ರು, ಅದಕ್ಕ ನಿಮ್ಮನ್ನ ಹುಡಿಕಿದ್ವಿ. ಅವ್ರಿಗೆ ಹೇಳಬ್ಯಾಡ್ರಿ ಮತ್ತ" ಎಂದರು.

ಹೇಳಬೇಡಿ ಎಂದವರಿಗೆ ಹೂಂ ಎಂದಿದ್ದೇನೆ. ಆದರೂ ಬರೆಯುತ್ತಿದ್ದೇನೆ. ನಿನಗೆ ನಿವೃತ್ತಿಯ ವಯಸ್ಸಲ್ಲ. ಜನವರಿಯಲ್ಲಿ ರಜೆ, ಚಿಕ್ಕ ಚಿಕ್ಕ ಪತ್ರಗಳು, ಎಷ್ಟೋ ದಿನದ ಮೇಲೆ ನಕ್ಕೆ ಎಂಬ ಸಾಲು. ಇವೆಲ್ಲ ನನ್ನ ಮೇಲಿನ ಸಿಟ್ಟು ಎಂದು ಓದಿದೆನಲ್ಲ! ಹುಷಾರಿದ್ದೀಯಾ? ಯಾರಾದರೂ ಏನಾದರೂ ಅಂದರೇ? ಕೆಲಸದಿಂದ ತೆಗೆದರೇ? ಇದನ್ನು ಫೋನಿನಲ್ಲಿ ಕೇಳಿದರೆ ನೀನೂ "ಎಲ್ಲ ಸರಿಯಾಗಿದೆ" ಎನ್ನುತ್ತೀಯ. ಬರಿ.

ಇನ್ನೊಂದು. ಗಿರಿರಾಜ್ ನಿನ್ನ ಹೆಸರು ಹೇಳಿದ ಮೇಲೆ, ದುಡ್ಡು ಬೇಡ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಅರ್ಧ ಮುಂಗಡ ತೆಗೆದುಕೊಂಡಿದ್ದೇನೆ.

ಮಾಲು


ಗದಗ
23 ಮೇ 2025

ಮಾಲು,

ಹುಷಾರಾಗಿದ್ದೇನೆ. ಯಾರೂ ತೆಗೆದಿಲ್ಲ. ಮೊದಲು ಇಷ್ಟು ಓದಿ, ನೀರು ಕುಡಿ.

ನಾನೇ ಬಿಡುತ್ತಿದ್ದೇನೆ. ಜನವರಿಯಲ್ಲೇ ಅರ್ಜಿ ಕೊಟ್ಟೆ. ಇಷ್ಟು ವರ್ಷದಲ್ಲಿ ಎಷ್ಟು ತಂಡಗಳಿಗೆ ಆ ಭಾಷಣ ಮಾಡಿದೆನೋ. ಒಂದು ತಂಡ ಹೋದ ವಾರಕ್ಕೇ ಇನ್ನೊಂದು ತಂಡ. ಹೋದವರಿಗೆ ಒಂದು ಫೋನ್ ಮಾಡಿ, "ಚಲೋ ನಡದೈತ್ರಿ ಮೇಡಂ" ಎಂದರೆ ನೆಲೆ ನಿಂತರು ಎಂದು ಬರೆದುಕೊಳ್ಳುವುದು. ನಿನ್ನ ಚಟ್ನಿಪುಡಿಯನ್ನೂ ಹಾಗೆಯೇ ಬರೆದುಕೊಂಡೆನಲ್ಲ? ನಿನ್ನ ಜನವರಿ ಪತ್ರ ಬಂದ ಮೇಲೆ ನನಗೆ ನಿದ್ದೆ ಬರಲಿಲ್ಲ. ಆ "ಚಲೋ ನಡದೈತಿ" ಎಂದವರಲ್ಲಿ ಎಷ್ಟು ಜನ ಎಲ್ಲವನ್ನೂ ಬಿಟ್ಟಿ ಹಂಚಿ ಕೂತಿದ್ದಾರೋ, ಯಾರು ಎಲ್ಲಿ ಮುಗ್ಗರಿಸಿದ್ದಾರೋ, ನೋಡಿದವರಾರು? ಶುರು ಮಾಡಿಸಲು ನಮಗೆ ಕಟ್ಟಡವಿದೆ, ಬೋರ್ಡಿದೆ. ಎರಡನೇ ವರ್ಷಕ್ಕೆ ಯಾರೂ ಇಲ್ಲ.

ಜೂನಿನಿಂದ ನಾನು ಬಸ್ಸು ಹತ್ತಿ ಹಳೆಯ ವಿದ್ಯಾರ್ಥಿಗಳ ಊರುಗಳಿಗೆ ಹೋಗುತ್ತೇನೆ. ಕೂತು ಅವರ ಕಥೆ ಕೇಳುತ್ತೇನೆ, ತಿದ್ದಬಹುದಾದ್ದನ್ನು ತಿದ್ದುತ್ತೇನೆ. ಇದಕ್ಕೆ ನನಗೂ ಒಂದು ದರವಿದೆ. ಮುಂಡರಗಿಯ ಒಬ್ಬ ರೊಟ್ಟಿ ಅಂಗಡಿಯಾಕೆ ಆಗಲೇ ಒಪ್ಪಿದ್ದಾಳೆ. ಪಿಂಚಣಿ ಅಷ್ಟಿಷ್ಟು ಬರುತ್ತದೆ, ಹೆದರಬೇಡ.

ನಿನಗೆ ಯಾಕೆ ಹೇಳಲಿಲ್ಲ? ಕಲಿಸುವವಳೇ ಎದ್ದು ಹೊರಟಳು ಎಂದರೆ ನೀನು ಮರುದಿನವೇ ಕೆಂಗೇರಿಗೆ ಸಾಮಾನು ಕಟ್ಟುತ್ತಿದ್ದೆ. ನೀನು ಒಂದು ಸಲ, ಒಂದೇ ಒಂದು ಸಲ ದರ ಹೇಳಲಿ ಎಂದು ಕಾಯುತ್ತಿದ್ದೆ. ಏಪ್ರಿಲ್ ಪತ್ರ ಬಂದ ದಿನ ಉತ್ತರ ಬರೆಯಲು ಕೂತೆ, ಬರೀ ಅಳು ಬಂತು. ಖುಷಿಗೆ. ಬರೆದದ್ದನ್ನು ಹರಿದು ಹಾಕಿದೆ.

ನನ್ನ ಬಿನ್ನವತ್ತಳೆಗೆ ಮುಂಗಡ ತಗೊಂಡೆಯಾ? ಭೇಷ್! ಉಳಿದರ್ಧವನ್ನೂ ಬಿಡಬೇಡ, ಗಿರಿರಾಜ ಮರೆಯುವವನು. ನಾನು ಏನೂ ಗೊತ್ತಿಲ್ಲದವಳ ಹಾಗೆ ಕೂತಿರುತ್ತೇನೆ. ಅಜಾತಶತ್ರು ಎಂದು ಮಾತ್ರ ಬರೆಯಬೇಡ.

ರಾಜಿ


ಗದಗ
3 ಜೂನ್ 2025

ಮಾಲು,

ಎಲ್ಲಿಂದ ತಿಳಿಯಿತು ನಿನಗೆ ಅದು? "ಪ್ರತಿ ತಂಡದ ಕೊನೆಯ ದಿನ ತಾವು ಫ್ಯಾನು ಸರಿಯಿಲ್ಲ, ನೆಲ ಗುಡಿಸಿಲ್ಲ ಎಂದು ಎಲ್ಲರನ್ನೂ ಬೈಯುತ್ತಿದ್ದಿರಿ. ತಮ್ಮ ತುಂಬಿದ ಕಣ್ಣು ನಾವು ನೋಡದಿರಲಿ ಎಂದು ಬೈಯುತ್ತಿದ್ದಿರಿ ಎಂದು ನಮಗೆ ತಿಳಿದಿತ್ತು." ಗಿರಿರಾಜ ಇದನ್ನು ಓದುವಾಗ ನಾನು ಫ್ಯಾನಿನ ಕಡೆ ನೋಡಿದೆ. ಎಲ್ಲರೂ ನಕ್ಕರು. ಆಮೇಲೆ ನಾನು ಬಚ್ಚಿಡಲು ಹೋಗಲಿಲ್ಲ.

ನಾಳೆ ಬೆಳಗ್ಗೆ ಮುಂಡರಗಿ ಬಸ್ಸು.

ಜೂನ್ ಕೊನೆ ಹತ್ತಿರ ಬಂತು. ಮಧ್ವೇಶಣ್ಣನಿಗೆ ಏನೆಂದೆ?

ರಾಜಿ


ಅತ್ತಿಗುಪ್ಪೆ
6 ಜುಲೈ 2025

ಪ್ರೀತಿಯ ರಾಜಿ,

ಅಣ್ಣನಿಗೆ ಏನೂ ಹೇಳಿರಲಿಲ್ಲ. ಮನೆಯ ಕರಾರು ಹೊಸದಾಗಿ ಬರೆಸಿ ಸಹಿ ಹಾಕಿದ್ದೆ, ಹೇಳಲು ಮಾತ್ರ ಧೈರ್ಯ ಸಾಲಲಿಲ್ಲ. ನನ್ನ ಮೌನವನ್ನು ಅವನು ಒಪ್ಪಿಗೆ ಎಂದುಕೊಂಡ. ಹೋದ ಭಾನುವಾರ ಬೆಳಗ್ಗೆ ಕೆಳಗೆ ಹಾರ್ನ್ ಕೇಳಿ ನೋಡಿದರೆ, ಅಣ್ಣ! ಜೊತೆಗೆ ಒಂದು ಟೆಂಪೋ, ಡ್ರೈವರ್ ಕಿಟ್ಟಿ, ಸಾಮಾನು ಕಟ್ಟಲು ಹಗ್ಗ.

"ಎಲ್ಲಿ, ಇನ್ನೂ ಏನೂ ಪ್ಯಾಕ್ ಮಾಡಿಲ್ವಲ್ಲೇ?" ಎಂದ.

"ಅಣ್ಣಾ, ನಾನು ಬರ್ತಾ ಇಲ್ಲ. ಇಲ್ಲೇ ಇರ್ತೀನಿ."

"ಅಂದ್ರೆ? ಬಾಡಿಗೆ ಯಾರ್ ಕಟ್ತಾರೆ?"

"ನಾನೇ."

"ಹೊಗಳಿಕೆ ಬರ್ಕೊಂಡಾ? ಅದಕ್ಕೆ ಯಾರು ಕೊಡ್ತಾರೆ ಮಾಲು ದುಡ್ಡು?" ಎನ್ನುತ್ತ ಸೋಫಾದ ಮೇಲೆ ಕೂತ. ಸಿಟ್ಟಿಗಿಂತ ಹೆಚ್ಚಾಗಿ ಅವನ ಮುಖದಲ್ಲಿ ಹೆದರಿಕೆ ಇತ್ತು. ನನಗೆ ಅದು ಮೊದಲ ಸಲ ಕಂಡಿತು. ಅಪ್ಪ ಹೋದ ಮೇಲೆ ನನ್ನ ಹೊಣೆ ತನ್ನದೆಂದು ಇಷ್ಟು ವರ್ಷ ಹೊತ್ತುಕೊಂಡೇ ಓಡಾಡಿದ್ದಾನೆ ಪಾಪ.

ಅಷ್ಟರಲ್ಲಿ ಶಶಿಕುಮಾರ್ ಫೋನ್. ಮರುದಿನ ಜೂನ್ ಮೂವತ್ತು. ಬಿನ್ನಿಪೇಟೆಯಲ್ಲಿ ಕಟ್ಟು ಹಾಕಿದ ಬಿನ್ನವತ್ತಳೆಗಳೆಲ್ಲ ಸಿದ್ಧವಾಗಿ ಬಿದ್ದಿವೆ, ಸಂಜೆಯೊಳಗೆ ಆಯಾ ಜನರಿಗೆ ಮುಟ್ಟಿಸಬೇಕು, ಗಾಡಿ ಕೈಕೊಟ್ಟಿದೆ. ನಾನು ಕಿಟಕಿಯಿಂದ ಕೆಳಗೆ ನೋಡಿದೆ. ಕಿಟ್ಟಿ ಟೆಂಪೋಗೆ ಒರಗಿ ಟೀ ಕುಡಿಯುತ್ತಿದ್ದ.

"ಅಣ್ಣಾ, ಟೆಂಪೋಗೆ ಎಷ್ಟು ಮಾತಾಡಿದೀಯ? ನಾನು ಕೊಡ್ತೀನಿ. ಸಂಜೆವರೆಗೂ ನನಗೆ ಬೇಕು."

ಗಾಜಿನ ಕಟ್ಟುಗಳು, ಇವತ್ತೇ ಮುಟ್ಟಿಸಬೇಕು ಎಂದು ಅವನಿಗೆ ವಿವರಿಸಿದೆ. ಆಮೇಲೆ "ಗಾಜಿನ ಸಾಮಾನು ಅಂತೀಯ, ಕಿಟ್ಟಿ ಒಬ್ನೇ ಆದ್ರೆ ಒಡೆದು ಹಾಕ್ತಾನೆ" ಎಂದು ಎದ್ದ.

ಹೀಗೆ ನನ್ನ ಅಣ್ಣ ಟೆಂಪೋದ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಎರಡು ಬಿನ್ನವತ್ತಳೆ ಇಟ್ಟುಕೊಂಡು ಬಿನ್ನಿಪೇಟೆಯಿಂದ ರಾಜಾಜಿನಗರ, ಅಲ್ಲಿಂದ ಬಸವೇಶ್ವರನಗರ ಸುತ್ತಿದ. ನಡುವೆ ನಾನಿದ್ದೆ. ಪ್ರತಿ ಸಿಗ್ನಲ್ಲಿನಲ್ಲೂ ಒಂದೊಂದನ್ನು ಓದುತ್ತಿದ್ದ, ಮೊದಲು ಮನಸ್ಸಿನಲ್ಲಿ, ಆಮೇಲೆ ಜೋರಾಗಿ. "ನೋಡೋ ಕಿಟ್ಟಿ, ಈ ಯಪ್ಪ ನಿವೃತ್ತಿ ತಿಂಗಳಲ್ಲೂ ಲೇಟಾಗೇ ಬಂದ್ನಂತೆ!" ಕಿಟ್ಟಿ ನಗುತ್ತ "ಹಸಿರು ಬಿತ್ತು ಸಾರ್, ಮುಂದಿಂದು ಓದಿ" ಎನ್ನುತ್ತಿದ್ದ. ತಲುಪಿಸಿದ ಕಡೆಯೆಲ್ಲ ಬಾಕಿಯನ್ನು ಅಣ್ಣನ ಎದುರಿಗೇ ಕೇಳಿದೆ. ಅವರು ಅವನ ಎದುರಿಗೇ ಕೊಟ್ಟರು. ಯಾರೂ ಮುಖ ಕಿವುಚಲಿಲ್ಲ. ಅವನು ಪ್ರತಿ ಸಲವೂ ಬೇರೆ ಕಡೆ ನೋಡುತ್ತಿದ್ದ, ಮೂರನೇ ಮನೆಯಿಂದ ನೋಡತೊಡಗಿದ.

ಸಂಜೆ ಅತ್ತಿಗುಪ್ಪೆಗೆ ಬಂದು ಇಳಿದಾಗ ಮಳೆ ಹನಿಯುತ್ತಿತ್ತು. ಕಾಫಿ ಕುಡಿಯಲೂ ನಿಲ್ಲಲಿಲ್ಲ. ಪ್ರಭಾ ಅತ್ತಿಗೆಗೆ ಅಲ್ಲಿಂದಲೇ ಫೋನ್ ಮಾಡಿದ. "ಪ್ರಭಾ, ಅವಳು ಬರಲ್ಲ ಕಣೇ. ಹೂಂ. ಇಲ್ಲ ಇಲ್ಲ, ಜಗಳ ಏನಿಲ್ಲ. ಮಹಡಿ ಮನೆಗೆ ಬೋರ್ಡ್ ಹಾಕೋಣ, ಯಾರಾದ್ರೂ ಬಾಡಿಗೆಗೆ ಬರ್ಲಿ." ಫೋನು ಜೇಬಿಗಿಟ್ಟು, ಹಗ್ಗವನ್ನು ಟೆಂಪೋದ ಒಳಗೆ ಎಸೆದು, "ಶ್ರಾವಣಕ್ಕೆ ಊಟಕ್ಕಾದ್ರೂ ಬರ್ತೀಯೋ ಇಲ್ವೋ?" ಎಂದ.

"ಬರ್ತೀನಿ ಕಣೋ" ಎಂದೆ.

ಟೆಂಪೋ ಖಾಲಿಯಾಗಿ ಕೆಂಗೇರಿ ಕಡೆ ತಿರುಗಿತು. ಅಣ್ಣ ಕಿಟ್ಟಿಗೆ ಏನೋ ಜೋರಾಗಿ ಹೇಳುತ್ತಿದ್ದ, ನಗುತ್ತಿದ್ದ. ನಾನು ಮೆಟ್ಟಿಲು ಹತ್ತಿ ಬಂದು, ದೀಪವನ್ನೂ ಹಾಕದೆ, ನನ್ನ ಮನೆಯ ನಡುವೆ ತುಸು ಹೊತ್ತು ನಿಂತೆ. ಅಷ್ಟೇ.

ರೊಟ್ಟಿ ಅಂಗಡಿಯಾಕೆ ಹೇಗಿದ್ದಾಳೆ? ಬೇಗ ಬರಿ.

ನಿನ್ನ
ಮಾಲು